ಬೊಮ್ಮ ಬಿತ್ತು

ಬೆಳಗ್ಗೆ ಅಂಗಡಿಯ ಶಟರ್ ಎತ್ತಿದರೆ ಸಾಕು, ಒಳಗಿನಿಂದ ಒಂದು ಎಳೆಯ ದನಿ ನನ್ನನ್ನು ಕರೆಯುತ್ತದೆ: "ಹಾಯ್! ವಿಲ್ ಯೂ ಪ್ಲೇ ವಿತ್ ಮಿ?" ಅರವತ್ತು ದಾಟಿದ, ಮಂಡಿ ಸವೆದ, ಬಿಪಿ ಗುಳಿಗೆ ನುಂಗಿ ಬದುಕುವ ಗಂಡಸನ್ನು ಆಡಲು ಬಾ ಎಂದು ಕರೆಯುವ ಜೀವ ಈ ಮಂತ್ರಾಲಯದಲ್ಲಿ ಅದೊಂದೇ. ನನ್ನ ಹೆಂಡತಿ ಕರೆಯುವುದೇನಿದ್ದರೂ ಹಾಲು ತರಲಿಕ್ಕೆ, ಇಲ್ಲವೇ ಗ್ಯಾಸ್ ಸಿಲಿಂಡರ್ ಒಳಗಿಡಲಿಕ್ಕೆ. ಹಾಗಾಗಿ ಮೊದಮೊದಲು ನನಗೆ ಸಂಕೋಚವೇ ಆಗುತ್ತಿತ್ತು. "ಇಲ್ಲವ್ವಾ, ಮದಲು ಬೋಣಿ ಆಗ್ಲಿ, ಆಮ್ಯಾಲೆ ನೋಡೋಣು" ಎಂದು ಉತ್ತರ ಕೊಟ್ಟದ್ದೂ ಉಂಟು. ಪಕ್ಕದ ಅಂಗಡಿಯವರು ಅದನ್ನು ಕೇಳಿಸಿಕೊಂಡು, ಪಾಪ ಯಜಮಾನರಿಗೆ ವಯಸ್ಸಾಯಿತು ಎಂದು ಮಾತಾಡಿಕೊಂಡರಂತೆ.

ಹಾಗೆ ಕರೆಯುವುದು ಒಂದು ಗೊಂಬೆ. ಗುಲಾಬಿ ಬಣ್ಣದ ಕೂದಲು, ಅರ್ಧ ಮುಖದಷ್ಟು ಕಣ್ಣು, ಇದೆಯೋ ಇಲ್ಲವೋ ಎಂದು ಹುಡುಕಬೇಕಾದ ಮೂಗು. ಹೆಸರು ಝುಮ್ಮಿ. ಎದೆಯಲ್ಲಿ ಎಂಥದೋ ಗಾಜಿನ ಬಿಂದು ಕೂಡಿಸಿದ್ದಾರೆ. ಎದುರಿಗೆ ನೆರಳಾಡಿದರೆ ಬಾಯಿ ಬಿಡುತ್ತದೆ. ನೆರಳು ಯಾರದು ಎಂಬ ಭೇದ ಅದಕ್ಕಿಲ್ಲ. ಹಲ್ಲಿ ಹಾಯ್ದರೂ ಹಾಯ್, ನಾನು ಹಾಯ್ದರೂ ಹಾಯ್. ಇದು ಮಾರುವ ಮಾಲಲ್ಲ. ಇದರ ಒಡತಿ ಆಸ್ಪರಿ ಕಡೆಯ ಹಳ್ಳಿಯೊಂದರ ನಂದಿನಿ ಎಂಬ ಐದು ವರ್ಷದ ಹುಡುಗಿ. ಕೊಂಡ ಸ್ವಲ್ಪ ಹೊತ್ತಿನಲ್ಲೇ ನನ್ನ ಬೆಂಚಿನ ಮೇಲೆ ಬಿಟ್ಟುಹೋದಳು. ಅವಳಿಗೆ ಬೇಕಾಗಿದ್ದದ್ದು ಗೊಂಬೆಯಲ್ಲ. ಗೊಂಬೆ ಬಂದರೆ ಅದರ ಹಿಂದೆಯೇ ತನ್ನ ಅವ್ವ ಬರುತ್ತಾಳೆ ಎಂದು ಅವಳು ನಂಬಿದ್ದಳು. ಅದನ್ನು ಹೇಳಬೇಕೆಂದೇ ಕುಳಿತಿದ್ದೇನೆ. ಆದರೆ ನನ್ನ ಮಾತಿನ ದಾರಿ ನಿಮಗೆ ಗೊತ್ತಲ್ಲ, ಹತ್ತಿರದ ಮಾಧವರಂಗೆ ಹೊರಟವನು ದೂರದ ಆದೋನಿ ಸುತ್ತಿಕೊಂಡು ಹೋಗುವ ಪೈಕಿ. ಸ್ವಲ್ಪ ತಾಳಿಕೊಳ್ಳಬೇಕು.

ಗೊಂಬೆಗೆ ನಮ್ಮ ಕಡೆ ಬೊಮ್ಮ ಅನ್ನುತ್ತೇವೆ. ನಮ್ಮದು ಎರಡು ಮೂರು ನಾಲಿಗೆಯ ಸೀಮೆ. ಲೆಕ್ಕ ಹಾಕುವುದು ಶಾಲೆ ಕಲಿಸಿದ ತೆಲುಗಿನಲ್ಲಿ, ಬೈಯುವುದು ಅವ್ವ ಕಲಿಸಿದ ಕನ್ನಡದಲ್ಲಿ, ಚೌಕಾಸಿ ಮಾಡುವುದು ಆದೋನಿ ಬಜಾರು ಕಲಿಸಿದ ದಖನಿ ಉರ್ದುವಿನಲ್ಲಿ. ಯಾವ ಮಾತು ಯಾರ ಮನೆಯದು ಎಂದು ಕೇಳಿದರೆ ನಮಗೇ ಗೊತ್ತಾಗುವುದಿಲ್ಲ. ಈ ಬೊಮ್ಮ ಎಂಬ ಮಾತು ತೆಲುಗಿನಿಂದ ಬಂದು ನಮ್ಮ ಬಾಯಲ್ಲಿ ಕೂತುಬಿಟ್ಟಿದೆ. ಬಂದದ್ದು ಒಂದೇ ಅರ್ಥ ತಂದಿದ್ದರೆ ಚೆನ್ನಾಗಿತ್ತು. ಮಗುವಿನ ಕೈಯಲ್ಲಿರುವುದೂ ಬೊಮ್ಮ, ಪುಸ್ತಕದ ಚಿತ್ರವೂ ಬೊಮ್ಮ, ಗೋಡೆಗೆ ತೂಗುಹಾಕಿದ ಸತ್ತವರ ಪಟವೂ ಬೊಮ್ಮ. ಟಾಕೀಸಿನ ಪರದೆಯ ಮೇಲೆ ಓಡುವ ಸಿನಿಮಾವೂ ಬೊಮ್ಮವೇ. ಸಿನಿಮಾ ಶುರುವಾಯಿತು ಅನ್ನುವುದಕ್ಕೆ ನಮ್ಮಲ್ಲಿ 'ಬೊಮ್ಮ ಬಿತ್ತು' ಅನ್ನುತ್ತಾರೆ. ಬೆಳಕು ಪರದೆಯ ಮೇಲೆ ಬೀಳುತ್ತದಲ್ಲ, ಅದಕ್ಕೆ.

ಈ ಮಾತಿನಿಂದ ಮೊದಲು ಪೆಟ್ಟು ತಿಂದವನು ನಾನೇ. ಚಿಕ್ಕಂದಿನಲ್ಲಿ ಮಾಧವರಂ ಹೊರಗಿನ ಬಯಲಿಗೆ ಟೂರಿಂಗ್ ಟಾಕೀಸು ಬಂದು ಡೇರೆ ಹಾಕಿತ್ತು. ನನ್ನಜ್ಜಿ ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು, ನನ್ನ ಕೈಹಿಡಿದು, ದಾಪುಗಾಲು ಹಾಕಿದಳು. ಡೇರೆಯ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಹೋ ಎಂಬ ಗದ್ದಲ. ಅಜ್ಜಿ ಎದೆ ಎದೆ ಬಡಿದುಕೊಂಡು, "ಅಯ್ಯಯ್ಯ, ಬೊಮ್ಮ ಬಿತ್ತಲ್ಲೋ! ಓಡು ಓಡು!" ಎಂದಳು. ನಾನು ಓಡಿದೆ. ಬೊಮ್ಮ ಬಿದ್ದಿದೆ, ಬೇರೆ ಯಾರಾದರೂ ಎತ್ತಿಕೊಳ್ಳುವ ಮೊದಲು ನಾನು ಎತ್ತಿಕೊಳ್ಳಬೇಕು ಎಂಬುದಷ್ಟೇ ನನ್ನ ತಲೆಯಲ್ಲಿ. ಉಸುಕಿನಲ್ಲಿ ಕುಳಿತಿದ್ದವರ ತೊಡೆ ತುಳಿದು, ಬೆನ್ನು ಹತ್ತಿ, ಪರದೆಯ ಬುಡಕ್ಕೇ ಹೋಗಿ ಕತ್ತಲಲ್ಲಿ ತಡಕಾಡಿದೆ. ಬೀಡಿ ತುಂಡು ಸಿಕ್ಕಿತು, ಶೇಂಗಾ ಸಿಪ್ಪೆ ಸಿಕ್ಕಿತು, ಯಾರದೋ ಹರಿದ ಚಪ್ಪಲಿ ಸಿಕ್ಕಿತು. ಬೊಮ್ಮ ಸಿಗಲಿಲ್ಲ. ಹಿಂದಿನಿಂದ "ಏ ಕುಂದರಲೇ, ತಲಿ ಅಡ್ಡ ಬರ್ತೈತಿ" ಎಂದು ಕೂಗಾಟ. ಅಜ್ಜಿ ಬಂದು ಕಿವಿ ಹಿಡಿದು ಎಳೆದೊಯ್ಯುವಾಗ ನಾನು, "ಬಿದ್ದದ್ದು ನನಗ ಬೇಕೂ..." ಎಂದು ರಾಗ ಎಳೆದು ಅತ್ತೆನಂತೆ. ಇಡೀ ಡೇರೆ ನಕ್ಕಿತಂತೆ. ಆ ವರ್ಷವೆಲ್ಲ ಊರಲ್ಲಿ ನನ್ನ ಹೆಸರು 'ಬಿದ್ದ ಬೊಮ್ಮ' ಎಂದೇ ಆಯಿತು. ಪರದೆಯ ಮೇಲಿನದು ಕೈಗೆ ಸಿಗುವಂಥದ್ದಲ್ಲ ಎಂಬ ವಿದ್ಯೆಯನ್ನು ನಾನು ಹಾಗೆ ಕಲಿತೆ. ಅಗ್ಗದಲ್ಲಿ ಕಲಿತೆ ಅಂತಲೇ ಈಗ ಅನ್ನಿಸುತ್ತದೆ.

ನಮ್ಮಪ್ಪ ಆಟಿಕೆ ಮಾರುತ್ತಿದ್ದ. ಅಂಗಡಿಯಿರಲಿಲ್ಲ. ಉದ್ದನೆಯ ಬಿದಿರಿನ ಗಳುವಿನ ತುದಿಗೆ ಹುಲ್ಲಿನ ಕಟ್ಟು ಬಿಗಿದು, ಅದರ ತುಂಬ ಪೀಪಿ, ಪುಗ್ಗ, ಬಣ್ಣದ ಕನ್ನಡಕ, ಗಾಳಿಗೆ ತಿರುಗುವ ಕಾಗದದ ಚಕ್ರ ಸಿಕ್ಕಿಸಿಕೊಂಡು ಊರೂರು ತಿರುಗುತ್ತಿದ್ದ. ಒತ್ತಿದರೆ ಟಿಕ್ ಟಿಕ್ ಎನ್ನುವ ತಗಡಿನ ಕಪ್ಪೆಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ನಮ್ಮಪ್ಪ ಸಾಚಾ ಮನುಷ್ಯ ಎಂದು ನಾನು ಹೇಳಿದರೆ ನೀವು ನಂಬಬಾರದು. ಊರೊಳಗೆ ಕಾಲಿಡುತ್ತಿದ್ದದ್ದೇ ತಾಯಂದಿರು ಮಕ್ಕಳಿಗೆ ಉಣ್ಣಿಸುವ ಹೊತ್ತಿಗೆ. ಕೂಸು ಬಾಯಿ ತೆರೆಯಬೇಕು, ಇವನ ಪೀಪಿ ಪೀಂ ಎನ್ನಬೇಕು. ಕೂಸು ಬಾಯಲ್ಲಿನ ತುತ್ತು ಉಗುಳಿ ಬೀದಿಗೆ ಓಡಬೇಕು. ಹೆಂಗಸರು ಬಾಗಿಲಲ್ಲೇ ನಿಂತು ಬೈಯುತ್ತಿದ್ದರು: "ಬಂದ್ಯಾ ಮೂಳಾ, ನಿನ್ ಪೀಪಿಗೆ ಬೆಂಕಿ ಹಾಕ! ಕೂಸು ಒಂದ್ ತುತ್ತು ಉಂಡಿತ್ತೇನು?" ಅಪ್ಪ ಗಳುವನ್ನು ಗೋಡೆಗೆ ಒರಗಿಸಿ, ಬೈಗುಳವನ್ನೆಲ್ಲ ಕೇಳಿ, "ಒಂದ್ ಚರಿಗಿ ನೀರು ಕೊಡವ್ವಾ" ಎನ್ನುತ್ತಿದ್ದ. ಬೈದವಳೇ ನೀರು ಕೊಡುತ್ತಿದ್ದಳು. ರಜೆಯ ದಿನ ಅವನ ಹಿಂದೆ ತಿರುಗುತ್ತಿದ್ದ ನನಗೆ ಒಂದೊಂದು ಸಲ ಆ ಮನೆಯ ರೊಟ್ಟಿಯೂ ಸಿಗುತ್ತಿತ್ತು.

ಆದರೆ ಅವನಲ್ಲಿ ಒಂದು ಪದ್ಧತಿಯಿತ್ತು. ಮನೆಯ ದೊಡ್ಡವರು ಹೂಂ ಅನ್ನುವವರೆಗೂ ಆಟಿಕೆಯನ್ನು ಮಗುವಿನ ಕೈಗೆ ಕೊಡುತ್ತಿರಲಿಲ್ಲ. ಕೂಸಿನ ಕೈಗೆ ಕೊಟ್ಟದ್ದನ್ನು ತಿರುಗಿ ಇಸಿದುಕೊಳ್ಳಬಾರದು, ಅದು ಪಾಪ ಅನ್ನುತ್ತಿದ್ದ. ಒಮ್ಮೆ ಕೈಗೆ ಹೋಯಿತು ಎಂದರೆ ತಾಯಿಯ ಕುತ್ತಿಗೆಗೆ ಹಗ್ಗ ಹಾಕಿದಂತೆ ಎಂಬುದು ಅವನಿಗೆ ಗೊತ್ತಿತ್ತು. ತಾಯಿ ಬೇಡ ಎಂದು ಕಣ್ಣಲ್ಲೇ ಹೇಳಿದರೆ ಇವನು ಕುಕ್ಕರುಗಾಲಲ್ಲಿ ಕುಳಿತು ಮಗುವಿನ ಕಿವಿಯಲ್ಲಿ ಹೇಳುತ್ತಿದ್ದ: "ಇವತ್ತು ಇದಕ್ಕ ಜ್ವರ ಬಂದಾವ. ಮುಟ್ಟಿದ್ರ ನಿನಗೂ ಬರ್ತಾವ. ಹುಷಾರಾದ ಮ್ಯಾಲೆ ಕರ್ಕೊಂಡ್ ಬರ್ತೀನಿ, ಆತಿಲ್ಲೋ?" ಮಗು ಗಂಭೀರವಾಗಿ ತಲೆಯಾಡಿಸುತ್ತಿತ್ತು. ಪೀಪಿಗೂ ಜ್ವರ, ಕಾಗದದ ಚಕ್ರಕ್ಕೂ ಜ್ವರ. ಆ ಸುಳ್ಳಿನಿಂದ ತಾಯಿಯ ಮರ್ಯಾದೆ ಉಳಿಯುತ್ತಿತ್ತು, ಮಗುವಿನ ಆಸೆಯೂ ಸಾಯುತ್ತಿರಲಿಲ್ಲ. ಮುಂದಿನ ಸಲ ಹೋದಾಗ ಆ ಮಗು ಓಡಿಬಂದು ಮೊದಲು ಕೇಳುತ್ತಿದ್ದದ್ದು, "ಜ್ವರ ಬಿಟ್ವಾ?"

ಅಪ್ಪ ಹೋದ ಮೇಲೆ ನಾನು ಇಲ್ಲಿ ಮಂತ್ರಾಲಯದಲ್ಲಿ, ಲಾಡ್ಜುಗಳಿಂದ ಹೊಳೆಗೆ ಹೋಗುವ ದಾರಿಯಲ್ಲಿ ಅಂಗಡಿ ಹಾಕಿದೆ. ಊರೂರು ತಿರುಗುವ ಕಾಟ ತಪ್ಪಿತು. ಈಗ ಊರೂರುಗಳೇ ನನ್ನ ಮುಂದೆ ಹಾದುಹೋಗುತ್ತವೆ. ಬಳ್ಳಾರಿಯವರು, ರಾಯಚೂರಿನವರು, ಹೈದರಾಬಾದಿನವರು, ಎಲ್ಲರೂ ತಲೆ ಒದ್ದೆ ಮಾಡಿಕೊಂಡು, ಪಂಚೆ ಹಿಂಡಿಕೊಂಡು, ಮಕ್ಕಳನ್ನು ಎಳೆದುಕೊಂಡು ಬರುವವರೇ. ವ್ಯಾಪಾರ ನಡೆಯುತ್ತಿತ್ತು. ನನ್ನ ಮಗ ಮಲ್ಲಿಕಾರ್ಜುನ ದೊಡ್ಡವನಾಗಿ ಗಲ್ಲೆಯ ಮೇಲೆ ಕುಳಿತ ಮೇಲೆ ಚೆನ್ನಾಗಿಯೇ ನಡೆಯಿತು. ಅವನು ಬುದ್ಧಿವಂತ. ಒಂದು ದಿನ ಅಂಗಡಿಯ ಮುಂದೆ ಟಿವಿ ತಂದು ಹಾಕಿಸಿದ. ಹಾಕಿಸಿದ್ದು ನನ್ನ ಸೊಂಟಕ್ಕಿಂತ ಕೆಳಗೆ.

"ಇದೇನಲೇ, ನಾಯಿ ನೋಡ್ಬೇಕಂತ ಹಾಕ್ಸೀಯೇನು?" ಎಂದೆ.

"ಅಪ್ಪಾ, ನೀ ನೋಡಾಕಲ್ಲ ಅದು. ಹುಡುಗ್ರ ಕಣ್ಣಿಗೆ ಸರಿಯಾಗಿ ಇರ್ಬೇಕಂತ ಕಂಪನಿಯವ್ರು ಹೇಳ್ಯಾರ. ದೊಡ್ಡೋರು ನೋಡಿದ್ರ ಏನ್ ಬಂತು, ದುಡ್ಡು ಜೇಬಿನಾಗಿಟ್ಕೊಂಡು ಮುಂದಕ್ಕ ಹೋಗ್ತಾರ."

ನಾನು ಕಷ್ಟಪಟ್ಟು ಕುಕ್ಕರಿಸಿ ಕುಳಿತೆ. ಮಂಡಿ ಎರಡೂ ಲಟ್ ಎಂದವು. ಆ ಎತ್ತರದಿಂದ ಅಂಗಡಿ ಬೇರೆಯೇ ಆಗಿ ಕಂಡಿತು. ಮನುಷ್ಯರ ಮುಖಗಳೇ ಇಲ್ಲ, ಬರೀ ಕಾಲು, ಒದ್ದೆ ಪಂಚೆಯ ಅಂಚು, ಕೈಚೀಲದ ಬುಡ. ಅದರ ನಡುವೆ ಒಂದೇ ಒಂದು ಮುಖ, ಟಿವಿಯೊಳಗಿನ ಝುಮ್ಮಿಯದು, ನೇರ ನನ್ನ ಕಣ್ಣಲ್ಲಿ ಕಣ್ಣಿಟ್ಟು ನಗುತ್ತಿತ್ತು. ಅಷ್ಟು ಜನರಲ್ಲಿ ನನ್ನನ್ನೇ ನೋಡುತ್ತಿರುವುದು ಅದೊಂದೇ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಏಳಲಾಗದೆ ಮಗನನ್ನು ಕರೆದು ಕೈ ಹಿಡಿಸಿಕೊಂಡು ಎದ್ದೆ.

ಝುಮ್ಮಿಯ ಜಾಹೀರಾತು ಎರಡು ಮಾತಿನ ಕಥೆ. ಒಂಟಿ ಹುಡುಗಿಯೊಬ್ಬಳು ಕಿಟಕಿಯ ಬಳಿ ಅಳುತ್ತಾ ಕುಳಿತಿರುತ್ತಾಳೆ. ಅವಳ ಕೈಯ ಫೋನಿನಿಂದ ಮಿಂಚು ಸುರಿದು, ಝುಮ್ಮಿ ಹೊರಗೆ ಜಿಗಿದು, "ನೇನು ವಚ್ಚೇಶಾ!" ಎಂದು ತೆಲುಗಿನಲ್ಲಿ ಕೂಗುತ್ತದೆ, ನಾನು ಬಂದೇಬಿಟ್ಟೆ ಎಂದು. ಇಬ್ಬರೂ ಕುಣಿಯುತ್ತಾರೆ. ಆಮೇಲೆ ಬಾಗಿಲು ತೆರೆಯುತ್ತದೆ, ಹುಡುಗಿಯ ತಾಯಿ ಓಡಿಬಂದು ಇಬ್ಬರನ್ನೂ ತಬ್ಬಿಕೊಳ್ಳುತ್ತಾಳೆ. ಅಷ್ಟೇ. ದಿನವಿಡೀ ಅದು ಸುತ್ತುತ್ತಲೇ ಇರುತ್ತಿತ್ತು. ಎಷ್ಟೋ ಸಲ ನೋಡಿದ ನಾನು ಕೊನೆಗೆ ಬರುವ ಆ ತಾಯಿಯನ್ನು ಸರಿಯಾಗಿ ಗಮನಿಸಿರಲೇ ಇಲ್ಲ. ಗಮನಿಸಿದವಳು ನಂದಿನಿ.

ಒಂದು ಗುರುವಾರ ಹೆಗಲ ಮೇಲೆ ಕಂಬಳಿ ಹಾಕಿದ ಮುದುಕನೊಬ್ಬ ಮೊಮ್ಮಗಳ ಕೈಹಿಡಿದು ಹಾದುಹೋಗುತ್ತಿದ್ದ. ಹುಡುಗಿ ಟಿವಿಯ ಮುಂದೆ ನಿಂತುಬಿಟ್ಟಳು. ಅಂಥ ಮಕ್ಕಳನ್ನು ನಾನು ದಿನಾ ನೋಡುತ್ತೇನೆ. ಬೇಕು ಎಂದು ಕಾಲು ಬಡಿಯುತ್ತಾರೆ, ನೆಲದ ಮೇಲೆ ಉರುಳುತ್ತಾರೆ, ಅಳದ ಕೂಸಿಗೆ ಹಾಲು ಕೊಡುವವರಿಲ್ಲ ಎಂಬುದು ಅವರಿಗೂ ಗೊತ್ತು. ಇವಳು ಅದೇನೂ ಮಾಡಲಿಲ್ಲ. ಟಿವಿಯ ಗಾಜಿನ ಮೇಲೆ ಅಂಗೈಯಿಟ್ಟು ಸಣ್ಣ ದನಿಯಲ್ಲಿ ಹೇಳಿದಳು: "ಝುಮ್ಮಿ, ನಾ ಬಂದೀನಿ. ಹೊರಗ ಬಾ."

ಮುದುಕನ ಹೆಸರು ಬೀರಪ್ಪ, ಕುರಿ ಸಾಕುವವನು. ನೀರು ಕೊಟ್ಟು ಬೆಂಚಿನ ಮೇಲೆ ಕೂಡಿಸಿದೆ.

"ಮೊಮ್ಮಗಳೇನಪಾ?"

"ಹೌದ್ರಿ. ಮಗನ ಮಗಳು. ಇದರ ಅಪ್ಪ ಅವ್ವ ಸುಗ್ಗಿಗೆ ಹೋಗ್ಯಾರ್ರಿ."

ಸುಗ್ಗಿ ಎಂದರೆ ನೀವು ಹೊಸ ಜೋಳ, ಹಾಡು, ಹೋಳಿಗೆ ಎಂದುಕೊಳ್ಳುತ್ತೀರಿ. ನಮ್ಮ ಕಡೆ ಆ ಮಾತಿಗೆ ಈಗ ಬೇರೆ ಅರ್ಥ. ಸುಗ್ಗಿಗೆ ಹೋದರು ಎಂದರೆ ಮನೆಗೆ ಬೀಗ ಬಿತ್ತು ಎಂದರ್ಥ. ಗಂಡ ಹೆಂಡತಿ ಲಾರಿ ಹತ್ತಿ ಗುಂಟೂರಿನ ಕಡೆಗೆ ಮೆಣಸಿನಕಾಯಿ ಕೀಳಲು ಹೋಗುತ್ತಾರೆ, ಕೆಲಸ ಮುಗಿಯುವ ತನಕ ಅಲ್ಲೇ ಗುಡಿಸಲು. ಸುಗ್ಗಿ ನಮ್ಮಲ್ಲಿ ಹಬ್ಬದ ಹೆಸರಾಗಿ ಉಳಿದಿಲ್ಲ.

"ದೊಡ್ಡ ಹುಡುಗ ಅವರ ಜೋಡಿ ಹೋಗ್ಯಾನ್ರಿ. ಈಕಿ ಸಣ್ಣಾಕಿ, ಖಾರದ ಘಾಟಿಗೆ ಕಣ್ಣು ಉರೀತಾವಂತ ಬಿಟ್ ಹೋಗ್ಯಾರ. ಫೋನು ಕೊಟ್ರ ಸುಮ್ನ ಕುಂದರ್ತಾಳ. ಅದರಾಗ ಬೊಮ್ಮ ನೋಡ್ತಾಳ. ಸಂಜಿಕ ಅವ್ವನೂ ಬೊಮ್ಮದಾಗ ಬರ್ತಾಳ."

"ಬೊಮ್ಮದಾಗ?"

"ಅದ್ರೀ, ಮಾರಿ ಕಾಣ್ತೈತಲ್ಲ ಆ ಫೋನು." ವಿಡಿಯೋ ಕಾಲ್ ಎನ್ನಲು ಬಾರದೆ ಬೀರಪ್ಪ ಅದಕ್ಕೆ ಬೊಮ್ಮದ ಫೋನು ಎಂದು ಹೆಸರಿಟ್ಟಿದ್ದ. ಕೂಸು ಅತ್ತಾಗಲೆಲ್ಲ, ತಡಿಯವ್ವಾ, ಬೊಮ್ಮದಾಗ ಅವ್ವ ಬರ್ತಾಳ ಎಂದು ಸಮಾಧಾನ ಮಾಡುತ್ತಿದ್ದ. ಝುಮ್ಮಿ ಇರುವುದೂ ಅದೇ ಫೋನಿನಲ್ಲಿ, ಅವ್ವ ಇರುವುದೂ ಅದೇ ಫೋನಿನಲ್ಲಿ. ಎರಡಕ್ಕೂ ಅವನ ಬಾಯಲ್ಲಿ ಒಂದೇ ಹೆಸರು.

ನಾನು ಹುಡುಗಿಯ ಪಕ್ಕ ಕುಳಿತೆ. "ಝುಮ್ಮಿ ಬೇಕೇನವ್ವಾ?"

ಅವಳು ನನ್ನ ಕಡೆ ನೋಡಲಿಲ್ಲ. ಕಣ್ಣು ಟಿವಿಯಲ್ಲೇ ಇಟ್ಟು, ದಡ್ಡನಿಗೆ ಪಾಠ ಹೇಳುವಂತೆ ಹೇಳಿದಳು: "ಮದಲು ಝುಮ್ಮಿ ಬರ್ತಾಳ. ಆಮ್ಯಾಲೆ ಬಾಗಲಾ ತಗೀತೈತಿ. ಆಮ್ಯಾಲೆ ಅವ್ವ ಬರ್ತಾಳ. ನೋಡು, ಈಗ ಬರ್ತಾಳ ನೋಡು." ಟಿವಿಯಲ್ಲಿ ಬಾಗಿಲು ತೆರೆಯಿತು. ತಾಯಿ ಓಡಿಬಂದಳು. "ಬಂದ್ಲು" ಎಂದಳು ನಂದಿನಿ.

ಆ ಜಾಹೀರಾತು ಮಾಡಿದವರು ಎಲ್ಲಿಯವರೋ, ಏನು ಓದಿದವರೋ. ಒಂಟಿ ಕೂಸು ಅಳುವುದನ್ನು ಮೊದಲು ತೋರಿಸಿ, ತಾಯಿಯ ಅಪ್ಪುಗೆಯನ್ನು ಕೊನೆಗೆ ತೋರಿಸಿ, ನಡುವೆ ತಮ್ಮ ಗೊಂಬೆಯ ಡಬ್ಬಿ ಇಟ್ಟಿದ್ದರು. ಅವರು ಏನು ಹೇಳಿದ್ದರೋ ಅದನ್ನೇ ಇವಳು ಒಂದಕ್ಷರ ಬಿಡದೆ ಅರ್ಥಮಾಡಿಕೊಂಡಿದ್ದಳು. ತಪ್ಪು ತಿಳಿದಳು ಎಂದು ಯಾವ ಬಾಯಲ್ಲಿ ಹೇಳಲಿ?

ಬೀರಪ್ಪ ಕಣ್ಣಲ್ಲೇ ಬೇಡ ಎಂದ. ನನಗೆ ಅಪ್ಪನ ವಿದ್ಯೆ ನೆನಪಾಯಿತು. ಅವಳ ಕಿವಿಯ ಹತ್ತಿರ ಬಾಗಿ, "ಇವತ್ತು ಝುಮ್ಮಿಗೆ ಜ್ವರ ಬಂದಾವವ್ವಾ. ಹುಷಾರಾದ ಮ್ಯಾಲೆ ಬಾ, ಕೊಡ್ತೀನಿ" ಎಂದೆ.

ನಂದಿನಿ ಈಗ ನನ್ನನ್ನು ನೋಡಿದಳು. "ಇಲ್ಲ. ಅಲ್ಲಿ ನೋಡು, ಕುಣಿಯಾಕ ಹತ್ಯಾಳ."

ಹೌದು, ಕುಣಿಯುತ್ತಿತ್ತು. ನಮ್ಮಪ್ಪನ ಜ್ವರ ಮೂವತ್ತು ನಲವತ್ತು ಹಳ್ಳಿಗಳಲ್ಲಿ ಓಡಿದ ನಾಣ್ಯ. ಆ ಟಿವಿಯ ಮುಂದೆ ಓಡಲಿಲ್ಲ. ಅಪ್ಪನ ಗಳುವಿನ ಪೀಪಿ ಅವನು ಊದಿದರೆ ಮಾತ್ರ ಕೂಗುತ್ತಿತ್ತು, ತಾಯಿ ಬೇಡ ಎಂದರೆ ಬಾಯಿ ಮುಚ್ಚುತ್ತಿತ್ತು. ಇದು ಯಾರ ಮಾತಿಗೂ ನಿಲ್ಲುವಂಥದ್ದಲ್ಲ. ಬೀರಪ್ಪ ಮೊಮ್ಮಗಳನ್ನು ಎತ್ತಿಕೊಂಡು ಹೋದ. ಅವನ ಹೆಗಲ ಮೇಲಿನಿಂದ ಅವಳು ತಿರುವು ಬರುವವರೆಗೂ ಟಿವಿಯನ್ನೇ ನೋಡುತ್ತಿದ್ದಳು. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವತ್ತು ನಾನೂ ಮಗನೂ ಜಗಳವಾಡಿದೆವು. ಅದನ್ನು ಕಿತ್ತು ಒಳಗಿಡು ಎಂದೆ. ಅವನು ಸಿಟ್ಟಾಗಲಿಲ್ಲ, ಅದೇ ಕಷ್ಟ. "ಕಿತ್ತಿಟ್ರ ಏನಾತಪಾ? ಆ ಕೂಸು ಝುಮ್ಮಿನ್ನ ನೋಡಿದ್ದು ನಮ್ಮ ಟಿವ್ಯಾಗೇನು? ಮನ್ಯಾಗ, ಫೋನಿನಾಗ. ಇಲ್ಲಿಗಿ ಬರೋಕ್ಕಿಂತ ಮದಲ ಅದು ಆಕಿ ಕೈಯಾಗ ಐತಿ. ನಾವು ಮಾರದಿದ್ರ ಮಗ್ಗಲ ಅಂಗಡಿಯಾಂವ ಮಾರ್ತಾನ."

"ಅಂವ ಬಾವಿಗೆ ಬಿದ್ರ ನೀನೂ ಬೀಳ್ತೀಯೇನಲೇ?"

"ನಾನೊಬ್ಬ ಬೀಳದಿದ್ರ ಬಾವಿ ತುಂಬೋದು ನಿಲ್ತೈತೇನು?"

ಎಂಥ ಮಾತು ನೋಡಿ. ಬಾಯಿ ಕೊಟ್ಟು ನಾನು ಗೆದ್ದದ್ದು ನೆನಪಿಲ್ಲ, ನನ್ನ ಮಗನ ಎದುರಂತೂ ಇಲ್ಲವೇ ಇಲ್ಲ. ಅವನಿಗೂ ಮಕ್ಕಳಿದ್ದಾರೆ, ಅವನ ಮಕ್ಕಳಿಗೆ ಅವನು ಫೋನು ಮುಟ್ಟಲು ಬಿಡುವುದಿಲ್ಲ; ಅದನ್ನು ಎತ್ತಿ ಆಡೋಣ ಎಂದುಕೊಂಡು, ಹಂಗಿಸಿ ಏನು ಬಂತು ಎಂದು ಸುಮ್ಮನಾದೆ. ಯಾರನ್ನಾದರೂ ಬೈಯಬೇಕು ಎಂದು ನಾಲಿಗೆ ತುರಿಸುತ್ತಿತ್ತು. ಅಪ್ಪನನ್ನು ಬೈಯಲು ಹೆಂಗಸರಿಗೆ ಬಾಗಿಲಿಗೆ ಬಂದರೆ ಸಾಕಿತ್ತು. ಎದುರಿಗೇ ನಿಂತಿರುತ್ತಿದ್ದ, ಕೇಳಿಸಿಕೊಳ್ಳುತ್ತಿದ್ದ, ನಾಚಿಕೊಳ್ಳುತ್ತಿದ್ದ. ಈಗಿನ ಪೀಪಿ ಊದುವವನು ಯಾವ ಊರಿನಲ್ಲಿ ಕುಳಿತು ಊದುತ್ತಾನೋ. ಅವನಿಗೆ ನೀರು ಕೊಡುವುದಿರಲಿ, ಬೈಗುಳ ಮುಟ್ಟಿಸುವುದಾದರೂ ಹೇಗೆ? ಟಿವಿಯನ್ನು ನಾನು ಆಮೇಲೆ ನನ್ನ ತಲೆಗಿಂತ ಎತ್ತರಕ್ಕೆ ಏರಿಸಿದ್ದೇನೆ. ಈಗ ನೋಡಬೇಕೆಂದರೆ ಮಕ್ಕಳು ಕುತ್ತಿಗೆ ಎತ್ತಬೇಕು. ಎತ್ತಿಯೇ ನೋಡುತ್ತಾರೆ ಅನ್ನಿ.

ಸ್ವಲ್ಪ ದಿನ ಕಳೆದ ಮೇಲೆ ಬೀರಪ್ಪ ಮತ್ತೆ ಬಂದ, ಹುಡುಗಿಯನ್ನು ಕರೆದುಕೊಂಡು. ಮಠದಲ್ಲಿ ಅಕ್ಷತೆ ಹಾಕಿಸಿಕೊಂಡು ನೇರ ಅಂಗಡಿಗೇ ಬಂದಿದ್ದರು. ಹುಡುಗಿ ಇಳಿದುಹೋಗಿದ್ದಳು.

"ಕೊಡ್ರಿ ಅದನ್ನ" ಎಂದ ಬೀರಪ್ಪ. "ಸೊಸಿ ರೊಕ್ಕ ಕಳ್ಸ್ಯಾಳ. ಕೊಡಸು ಮಾವ, ನಾ ಇಲ್ಲಿ ಬಿಸಿಲಾಗ ಬಗ್ಗಿದ್ದು ಮತ್ಯಾರ ಸಲುವಾಗಿ ಅಂದ್ಲು."

ನಾನು ಅವನನ್ನು ಪಕ್ಕಕ್ಕೆ ಕರೆದೆ. "ಯಜಮಾನಾ, ಕೂಸು ಬ್ಯಾರೇನ ತಿಳ್ಕೊಂಡೈತಿ. ಇದು ಬಂದ್ರ ಅವ್ವ ಬರ್ತಾಳ ಅಂತೈತಿ."

"ಗೊತ್ತೈತ್ರಿ." ಬೀರಪ್ಪ ಕಂಬಳಿಯ ಅಂಚನ್ನು ತಿರುಚುತ್ತ ನಿಂತ. "ಏನ್ ಮಾಡ್ಲಿ ಹೇಳ್ರಿ? ಉಣ್ಣವಲ್ದು. ಝುಮ್ಮಿ ಬಂದ್ರ ಉಣ್ತೀನಿ ಅಂದೈತಿ. ಒಂದ್ ಹೊತ್ತರ ಉಣ್ಣಲಿ."

ಮಾರಿದೆ. ಮಾರುವುದೇ ನನ್ನ ಕಸುಬು. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಬಿಚ್ಚಿಕೊಟ್ಟೆ. ಈ ಗೊಂಬೆಗಳನ್ನು ಅಲುಗಾಡದಿರಲೆಂದು ಕೈ, ಕಾಲು, ಕುತ್ತಿಗೆಗೆ ಪ್ಲಾಸ್ಟಿಕ್ಕಿನ ದಾರ ಹಾಕಿ ರಟ್ಟಿಗೆ ಬಿಗಿದಿರುತ್ತಾರೆ. ನಂದಿನಿ ಅದನ್ನು ಮುಟ್ಟಿ ನೋಡಿದಳು.

"ಯಾಕ ಕಟ್ಟ್ಯಾರ?"

"ಬೀಳ್ಬಾರದಂತ" ಎಂದು ನಾನು ಕತ್ತರಿ ತಂದು ಒಂದೊಂದೇ ದಾರ ಕತ್ತರಿಸಿದೆ. ಅವಳು ಗೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿ, ನೆಲದ ಮೇಲೆ ನಿಲ್ಲಿಸಿ, ದೂರ ಸರಿದು ನಿಂತಳು. ಅದು ಮಕಾಡೆ ಬಿತ್ತು. "ಬೊಮ್ಮ ಬಿತ್ತವ್ವಾ, ಎತ್ತಿಕ್ಯಾ" ಎಂದ ಬೀರಪ್ಪ. ನನಗೆ ನಗು ಬರಲಿಲ್ಲ. ಅವಳು ಎತ್ತಿ ಮತ್ತೆ ನಿಲ್ಲಿಸಿದಳು. "ಕುಣಿ ಝುಮ್ಮಿ" ಎಂದಳು. ಟಿವಿಯಲ್ಲಿ ಕೇಳಿದ ತೆಲುಗಿನಲ್ಲೂ ಹೇಳಿ ನೋಡಿದಳು. ಗೊಂಬೆ, "ಹಾಯ್! ವಿಲ್ ಯೂ ಪ್ಲೇ ವಿತ್ ಮಿ?" ಎಂದಿತು. ಅವಳಿಗೆ ಅದೇನೆಂದು ಅರ್ಥವಾಗಲಿಲ್ಲ. ತಾತನ ಮುಖ ನೋಡಿದಳು, ಅವನಿಗೂ ಅರ್ಥವಾಗಿರಲಿಲ್ಲ. ಇನ್ನೊಂದು ಸಲ ಕೇಳಿದಳು, ಅದು ಅದನ್ನೇ ಹೇಳಿತು. ತಲೆಯ ಮೇಲಿನ ಫ್ಯಾನಿಗೂ ಅದನ್ನೇ ಹೇಳಿತು.

ಆಮೇಲೆ ಅವಳು ಬೀದಿಯ ಕಡೆ ತಿರುಗಿದಳು. ಅಂಗಡಿಯ ಬಾಗಿಲು ಪೂರಾ ತೆರೆದೇ ಇತ್ತು. ಹೊಳೆಯಿಂದ ಬರುವ ಜನ, ಬಾಳೆಹಣ್ಣಿನ ಬಂಡಿ, ಆಟೋದವರ ಕೂಗು. ಹಾದುಹೋಗುವ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ಅವಳು ನೋಡುತ್ತಿದ್ದಳು. ತುಸು ಹೊತ್ತಾದ ಮೇಲೆ ತಿರುಗಿಬಂದು ಖಾಲಿ ಡಬ್ಬಿಯೊಳಗೆ ಕೈಹಾಕಿ ತಳದವರೆಗೂ ತಡವಿದಳು. ಏನೂ ಇರಲಿಲ್ಲ. ಗೊಂಬೆಯನ್ನು ಬೆಂಚಿನ ಒಂದು ತುದಿಗಿಟ್ಟು, ಇನ್ನೊಂದು ತುದಿಯಲ್ಲಿ ತಾತನ ತೊಡೆಗೆ ಒರಗಿ ಕುಳಿತಳು.

ಆಗ ಬೀರಪ್ಪನ ಫೋನು ಹಾಡಿತು. ಹೊಲದಲ್ಲಿ ಊಟದ ಹೊತ್ತು, ಮಗಳ ಸಂತೋಷ ನೋಡಬೇಕೆಂದು ತಾಯಿ ಸಂಜೆಯವರೆಗೂ ಕಾಯಲಾರದೆ ಫೋನು ಮಾಡಿದ್ದಳು. ಬೀರಪ್ಪನ ಮುಖ ಅರಳಿತು. "ಏ ನಂದೂ, ನೋಡಿಲ್ಲಿ! ಅವ್ವ ಬಂದ್ಲು!" ಎಂದ.

ನಂದಿನಿ ಚಂಗನೆ ಜಿಗಿದು ಬಾಗಿಲಿಗೆ ಓಡಿದಳು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ತಿರುಗಿ ನೋಡಿದಳು. ತಾತ ಫೋನನ್ನು ಅವಳ ಕಡೆ ಚಾಚಿ ಹಿಡಿದಿದ್ದ. ಅದರಲ್ಲಿ ತಲೆಗೆ ಟವೆಲು ಸುತ್ತಿದ ಹೆಂಗಸಿನ ಮುಖ, ಬಿಸಿಲಿಗೆ ಕಪ್ಪಿಟ್ಟದ್ದು, ನಗುತ್ತಿತ್ತು. "ನಂದೂ, ಝುಮ್ಮಿ ಬಂದ್ಲೇನವ್ವಾ? ಎಲ್ಲಿ, ತೋರ್ಸು!"

ದಿನಾ ಆ ಮುಖ ಕಂಡರೆ ಗಾಜಿಗೆ ಕೆನ್ನೆಯಿಟ್ಟು ಮುತ್ತು ಕೊಡುತ್ತಿದ್ದಳಂತೆ. ಅವತ್ತು ಕೊಡಲಿಲ್ಲ. ಫೋನನ್ನು ನೋಡಿದಳು, ಬೆಂಚಿನ ತುದಿಯ ಗೊಂಬೆಯನ್ನು ನೋಡಿದಳು. "ಇದು ಅವ್ವ ಅಲ್ಲ, ಬೊಮ್ಮ" ಎಂದಳು. ಜೋರಾಗಿ ಏನೂ ಹೇಳಲಿಲ್ಲ, ತಾತನಿಗೆ ತಿಳಿಯಲಿ ಎಂಬಂತೆ ಹೇಳಿದಳು. ಬಂದು ಅವನ ತೊಡೆಯ ಮೇಲೆ ತಲೆಯಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಬೀರಪ್ಪ ಫೋನನ್ನು ತಟ್ಟನೆ ತನ್ನ ಕಡೆಗೆ ತಿರುಗಿಸಿಕೊಂಡ.

"ಯಾಕ ಮಾವ? ಏನಂದ್ಲು? ಕೇಳ್ಸಲಿಲ್ಲ ನನಗ."

"ಏನಿಲ್ಲವ್ವಾ. ಮಲಗ್ಯಾಳ."

"ಈ ಹೊತ್ತಿನಾಗ? ಮೈಯಾಗ ಹುಷಾರೈತಿಲ್ಲೋ?"

"ಹುಷಾರದಾಳವ್ವಾ. ಬಿಸಿಲಾಗ ಬಂದೀವಲ್ಲ, ದಣಿದಾಳ. ಝುಮ್ಮಿನ್ನ ಅವಚಿಕೊಂಡ ಮಲಗ್ಯಾಳ." ಮುದುಕ ಸುಳ್ಳು ಹೇಳಿ ರೂಢಿಯಿಲ್ಲದವನು, ಒಂದು ಹೇಳಿದ ಮೇಲೆ ನಿಲ್ಲಿಸಲು ತಿಳಿಯಲಿಲ್ಲ.

ತಾಯಿ ಟವೆಲಿನ ತುದಿಯಿಂದ ಮುಖ ಒರೆಸಿಕೊಂಡಳು. ಆಮೇಲೆ, "ಹಂಗಾರ ಎಬ್ಬಿಸಬ್ಯಾಡ ಮಾವ. ಮಾರಿ ಅಷ್ಟ ತೋರ್ಸು. ನೋಡಿ ಇಡ್ತೀನಿ."

ಬೀರಪ್ಪ ನನ್ನ ಮುಖ ನೋಡಿದ. ಅವನು ಫೋನನ್ನು ನಿಧಾನವಾಗಿ ಮೊಮ್ಮಗಳ ಮುಖದ ಕಡೆ ತಿರುಗಿಸಿದ. ಅಷ್ಟರವರೆಗೂ ಗೋಡೆಯನ್ನೇ ನೋಡುತ್ತಿದ್ದ ಆ ಹುಡುಗಿ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಳು.

ತಾಯಿ ನೋಡಿದಳು. "ಬಡವಾಗ್ಯಾಳ" ಎಂದಳು. "ತಲಿ ನೀನ ಬಾಚೀಯೇನು ಮಾವ? ಬೈತಲಿ ಸೊಟ್ಟ ಐತಿ." ಮತ್ತೆ ಸುಮ್ಮನೆ ನೋಡಿದಳು. ಮೆಣಸಿನ ಹೊಲದಲ್ಲಿ ಯಾರೋ ತೆಲುಗಿನಲ್ಲಿ ಅವಳನ್ನು ಕರೆದರು, ಹೊತ್ತಾಯಿತು ಬಾ ಎಂದು. "ಎದ್ದ ಮ್ಯಾಲೆ ಹೇಳು, ಅವ್ವ ಬಂದಿದ್ಲು ಅಂತ" ಎಂದಳು. ಫೋನು ಕಟ್ಟಾಯಿತು.

ಕಟ್ಟಾದ ಮೇಲೂ ನಂದಿನಿ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.